ದೇಶ ಪುಟ್ಟದು, ಲೆಕ್ಕ ಪುಟ್ಟದಲ್ಲ

1974ರ ನವೆಂಬರ್. ಈಗ ನಾವು ಚಿನ್ನಸ್ವಾಮಿ ಅಂತ ಕರೆಯುವ ಬೆಂಗಳೂರಿನ ಕ್ರೀಡಾಂಗಣದಲ್ಲಿ ಮೊಟ್ಟಮೊದಲ ಟೆಸ್ಟ್ ಪಂದ್ಯ. ಎದುರಿಗೆ ವೆಸ್ಟ್ ಇಂಡೀಸ್. ವಿವಿಯನ್ ರಿಚರ್ಡ್ಸ್, ಗಾರ್ಡನ್ ಗ್ರೀನಿಜ್ ಇಬ್ಬರಿಗೂ ಅದೇ ಮೊದಲ ಟೆಸ್ಟ್. ಕ್ಲೈವ್ ಲಾಯ್ಡ್‌ಗೆ ನಾಯಕನಾಗಿ ಮೊದಲನೆಯದು. ರಿಚರ್ಡ್ಸ್ ಆಂಟಿಗಾದವರು, ಗ್ರೀನಿಜ್ ಬಾರ್ಬಡೋಸ್‌ನವರು, ಲಾಯ್ಡ್ ಗಯಾನಾದವರು. ವೆಸ್ಟ್ ಇಂಡೀಸ್ ಅಂತ ಒಂದು ದೇಶವೇ ಇಲ್ಲ ಅನ್ನೋದು ಚಿಕ್ಕಂದಿನಲ್ಲಿ ನನಗೆ ಎಷ್ಟೋ ಕಾಲ ಗೊತ್ತೇ ಇರಲಿಲ್ಲ. ಭೂಪಟದಲ್ಲಿ ಹುಡುಕಿ ಹುಡುಕಿ ಬೇಜಾರಾಗಿತ್ತು.

ಅದೇ 1974ರಲ್ಲಿ ಆ ದ್ವೀಪಗಳ ನಡುವೆ ಇನ್ನೊಂದು ತಂಡವೂ ಹುಟ್ಟಿತು. ಅದರ ಹೆಸರು ಯಾರ ಬಾಯಲ್ಲೂ ಇಲ್ಲ. ಕೆರಿಬಿಯನ್ ಅಂಕಿಅಂಶ ತಜ್ಞರ ಸ್ಥಾಯಿ ಸಮಿತಿ ಅಂತ ಅದರ ಹೆಸರು. ಬೇರೆ ಬೇರೆ ದೇಶಗಳ ಅಂಕಿಅಂಶ ಕಚೇರಿಗಳ ಮುಖ್ಯಸ್ಥರು ಒಟ್ಟಿಗೆ ಕೂತು, ಜನರನ್ನು ಹೇಗೆ ಎಣಿಸೋಣ, ಬೆಲೆ ಏರಿಕೆ ಹೇಗೆ ಅಳೆಯೋಣ, ಯಾರಿಗೆ ಏನು ಗೊತ್ತಿದೆ, ಯಾರು ಯಾರಿಗೆ ಹೇಳಿಕೊಡಬೇಕು ಅಂತ ಮಾತಾಡುವ ಜಾಗ. ಕೇಳಲು ಸಪ್ಪೆ ಅನ್ನಿಸುತ್ತೆ, ನಿಜ. ಆದರೆ ಈ ಸಮಿತಿ ಯಾಕೆ ಬೇಕಾಯಿತು ಅಂತ ನೋಡಲು ಹೊರಟರೆ, ಒಂದು ದೇಶ ನಡೆಸಲು ಎಷ್ಟು ಲೆಕ್ಕ ಬೇಕು ಅನ್ನೋದೇ ಬೇರೆ ಥರ ಕಾಣತೊಡಗುತ್ತದೆ.

ಮೊದಲು ಗಾತ್ರದ ಅಂದಾಜು ಇರಲಿ. ಸೇಂಟ್ ಕಿಟ್ಸ್ ಅಂಡ್ ನೆವಿಸ್‌ನ ಜನಸಂಖ್ಯೆ 50 ಸಾವಿರದ ಆಸುಪಾಸು. ನಮ್ಮ ಒಂದು ತಾಲ್ಲೂಕು ಕೇಂದ್ರದಷ್ಟು. ಆದರೆ ಅದಕ್ಕೆ ಪ್ರಧಾನಿ ಇದ್ದಾರೆ, ವಿಶ್ವಸಂಸ್ಥೆಯಲ್ಲಿ ಒಂದು ಮತ ಇದೆ. ಡೊಮಿನಿಕಾದಲ್ಲಿ ಸುಮಾರು 70 ಸಾವಿರ ಜನ. ಬ್ರಿಟನ್ನಿನ ಅಧೀನದಲ್ಲೇ ಇರುವ ಮಾಂಟ್‌ಸೆರಾಟ್‌ನಲ್ಲಿ 5 ಸಾವಿರದ ಹತ್ತಿರ, ಅಷ್ಟೇ. 1995ರಲ್ಲಿ ಅಲ್ಲಿ ಜ್ವಾಲಾಮುಖಿ ಎದ್ದು, ರಾಜಧಾನಿ ಪ್ಲಿಮತ್ತನ್ನೇ ಬಿಟ್ಟು ಹೋಗಬೇಕಾಯಿತು. ಅರ್ಧಕ್ಕಿಂತ ಹೆಚ್ಚು ಜನ ದ್ವೀಪವನ್ನೇ ತೊರೆದರು.

ಇಷ್ಟು ಕಡಿಮೆ ಜನ ಇದ್ದರೆ ಲೆಕ್ಕ ಇಡೋದು ಸುಲಭ ಅಲ್ವಾ ಅಂತ ಯಾರಿಗಾದರೂ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ನಿಜ ಸಂಗತಿ ತಿರುಗುಮುರುಗು.

ಅನ್ನ ಬೆಂದಿದೆಯಾ ಅಂತ ನೋಡಲು ಒಂದಗುಳು ಹಿಸುಕಿದರೆ ಸಾಕು ಅಂತೀವಲ್ಲ, ಮಾದರಿ ಸಮೀಕ್ಷೆ ಅಂದರೆ ಅದೇ. ಎಲ್ಲರನ್ನೂ ಕೇಳಬೇಕಿಲ್ಲ, ಕೆಲವರನ್ನು ಸರಿಯಾಗಿ ಆರಿಸಿ ಕೇಳಿದರೆ ಸಾಕು. ಈಗ ಗಮನಿಸಿ: ಮನೆಯ ಕುಕ್ಕರಿನಲ್ಲಿ ಅಕ್ಕಿ ಇಟ್ಟರೂ ಒಂದೇ ಅಗುಳು, ಮದುವೆ ಮನೆಯ ಹಂಡೆಯಲ್ಲಿ ಇಟ್ಟರೂ ಒಂದೇ ಅಗುಳು. ಹಂಡೆ ದೊಡ್ಡದು ಅಂತ ಒಂದು ಸೇರು ಅನ್ನ ಹಿಸುಕಿ ನೋಡಲ್ಲ. ಇದನ್ನೇ ಸಂಖ್ಯೆಯಲ್ಲಿ ಹೇಳುತ್ತೇನೆ. ಹೌದು-ಇಲ್ಲ ಅನ್ನುವಂಥ ಒಂದು ಪ್ರಶ್ನೆಗೆ, ಆ ಕಡೆ ಈ ಕಡೆ ಶೇ. 3ಕ್ಕಿಂತ ಜಾಸ್ತಿ ತಪ್ಪಬಾರದು, ನೂರರಲ್ಲಿ 95 ಸಲವಾದರೂ ಸರಿಯಿರಬೇಕು ಅಂತ ಇಟ್ಟುಕೊಂಡರೆ, ಕೋಟಿಗಟ್ಟಲೆ ಜನರಿರುವ ದೇಶಕ್ಕೆ ಸುಮಾರು 1,067 ಜನರನ್ನು ಕೇಳಿದರೆ ಸಾಕು. 50 ಸಾವಿರ ಜನರ ಸೇಂಟ್ ಕಿಟ್ಸ್‌ಗೆ? ಸುಮಾರು 1,045. ಉಳಿದದ್ದು 22 ಜನ ಅಷ್ಟೇ! 5 ಸಾವಿರ ಜನರ ಮಾಂಟ್‌ಸೆರಾಟ್‌ನಲ್ಲೂ 880 ಜನರನ್ನು ಕೇಳಬೇಕು, ಅಂದರೆ ಹೆಚ್ಚುಕಡಿಮೆ ಆರು ಜನಕ್ಕೊಬ್ಬರನ್ನು. ಇದು ತೀರಾ ಸರಳವಾದ ಲೆಕ್ಕ. ಯುವಕರಲ್ಲಿ ಎಷ್ಟು ಜನಕ್ಕೆ ಕೆಲಸವಿಲ್ಲ, ಹೆಂಗಸರಲ್ಲಿ ಎಷ್ಟು, ಹಳ್ಳಿಯಲ್ಲಿ ಎಷ್ಟು ಅಂತ ಬಿಡಿಸಿ ಕೇಳಿದರೆ ಸಂಖ್ಯೆ ಇನ್ನೂ ಏರುತ್ತದೆ. ಈ ಸಲ ಉದ್ಯೋಗದ ಸಮೀಕ್ಷೆ, ಮುಂದಿನ ಸಲ ಮನೆಖರ್ಚಿನದು, ಆಮೇಲೆ ಆರೋಗ್ಯದ್ದು ಅಂತ ಅದೇ ಮನೆಯ ಬಾಗಿಲನ್ನೇ ಮತ್ತೆ ಮತ್ತೆ ತಟ್ಟಿದರೆ, ಮೂರನೇ ಸಲಕ್ಕೆ ಬಾಗಿಲು ತೆಗೆಯುವವರು ಯಾರು?

ಸಮೀಕ್ಷೆ ಒಂದೇ ಅಲ್ಲ, ಉಳಿದ ಕೆಲಸಗಳೂ ಹೀಗೇ. ಪ್ರಶ್ನಾವಳಿ ಬರೆಯುವುದು, ಟ್ಯಾಬ್ಲೆಟ್‌ಗೆ ಸಾಫ್ಟ್‌ವೇರ್ ಹಾಕುವುದು, ಜಿಡಿಪಿ ಲೆಕ್ಕದ ಅಂತರರಾಷ್ಟ್ರೀಯ ಕೈಪಿಡಿ ಓದಿ ಅರ್ಥ ಮಾಡಿಕೊಳ್ಳುವುದು, ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಿಗೆ ಬೇಕಾದ 230ಕ್ಕೂ ಹೆಚ್ಚು ಸೂಚಕಗಳಿಗೆ ಉತ್ತರ ಹುಡುಕುವುದು: ಇವೆಲ್ಲ 140 ಕೋಟಿ ಜನರ ದೇಶಕ್ಕೂ ಅಷ್ಟೇ, 50 ಸಾವಿರದ ದೇಶಕ್ಕೂ ಅಷ್ಟೇ. ದೊಡ್ಡ ದೇಶದಲ್ಲಿ ಜಿಡಿಪಿಗೆ ಒಂದು ವಿಭಾಗ, ಬೆಲೆ ಸೂಚ್ಯಂಕಕ್ಕೆ ಇನ್ನೊಂದು, ವ್ಯಾಪಾರಕ್ಕೆ ಮತ್ತೊಂದು. ಪುಟ್ಟ ದ್ವೀಪದಲ್ಲಿ ಇವು ಮೂರೂ ಒಬ್ಬರೇ ಅಧಿಕಾರಿಯ ಮೇಜಿನ ಮೇಲಿರುವುದು ದೊಡ್ಡ ವಿಷಯವೇ ಅಲ್ಲ. ಹತ್ತು ವರ್ಷ ಕಲಿತು ಪಳಗಿದ ಆ ಒಬ್ಬರಿಗೆ ಬ್ಯಾಂಕಿನಲ್ಲೋ ಹೊರದೇಶದಲ್ಲೋ ಜಾಸ್ತಿ ಸಂಬಳದ ಕೆಲಸ ಸಿಕ್ಕಿತು ಅಂದುಕೊಳ್ಳಿ. ಆ ದೇಶದ ಜಿಡಿಪಿ ಲೆಕ್ಕವೇ ಅವರ ಜೊತೆ ಬಾಗಿಲು ದಾಟಿ ಹೋದಂತೆ.

ಇನ್ನೊಂದು ತಮಾಷೆಯ ತೊಂದರೆ ಇದೆ. ತಮಾಷೆ ಅಂತ ಹೊರಗಿನವರಾದ ನಾವು ಹೇಳಬೇಕು ಅಷ್ಟೇ. ಜನರೂ ಕಂಪನಿಗಳೂ ಕೊಟ್ಟ ಮಾಹಿತಿಯನ್ನು ಗುಟ್ಟಾಗಿಡುತ್ತೇವೆ ಅಂತ ಅಂಕಿಅಂಶ ಕಚೇರಿ ಮಾತು ಕೊಟ್ಟಿರುತ್ತದೆ. ಆದರೆ ದ್ವೀಪಕ್ಕೆಲ್ಲ ಬಿಯರ್ ಮಾಡುವ ಕಾರ್ಖಾನೆ ಒಂದೇ ಇದ್ದರೆ? 'ಬಿಯರ್ ಉತ್ಪಾದನೆ ಇಷ್ಟು ಕುಸಿಯಿತು' ಅಂತ ಪ್ರಕಟಿಸಿದರೆ ಆ ಕಂಪನಿಯ ಲೆಕ್ಕಪುಸ್ತಕವನ್ನೇ ಬಿಚ್ಚಿ ಬೀದಿಗೆ ಇಟ್ಟಂತೆ. ಒಂದು ಗುಂಪಿನಲ್ಲಿ ಮೂರಕ್ಕಿಂತ ಕಡಿಮೆ ಕಂಪನಿಗಳಿದ್ದರೆ ಅಂಕಿ ಮರೆಮಾಡುವುದು ಹಲವು ಕಡೆ ಇರುವ ರೂಢಿ. ಆ ರೂಢಿ ಪಾಲಿಸಿದರೆ ಇಂಥ ಕಡೆ ಪಟ್ಟಿಯ ತುಂಬ ಖಾಲಿ ಜಾಗವೇ ಉಳಿಯುತ್ತದೆ. ಅದಕ್ಕೆ ಒಂದು ದೊಡ್ಡ ಗುಂಪಿಗೆ ಸೇರಿಸಿ ಹೇಳುತ್ತಾರೆ, ಆಗ ವಿವರ ಮಾಯ. ಜನಗಣತಿಯದ್ದೂ ಇದೇ ಪಾಡು. ಇಷ್ಟು ವಯಸ್ಸು, ಈ ಕಸುಬು, ಈ ಹಳ್ಳಿ ಅಂದರೆ ಸಾಕು, ಯಾರು ಅಂತ ಊರಿಗೇ ಗೊತ್ತಾಗಿಬಿಡುತ್ತದೆ.

ಒಟ್ಟಾಗುವ ಯೋಚನೆ 1974ಕ್ಕಿಂತ ಹಳೆಯದು. ಬ್ರಿಟಿಷರ ಕಾಲದಲ್ಲೇ, 1946ರಲ್ಲಿ, ಹಲವು ವಸಾಹತುಗಳಲ್ಲಿ ಒಂದೇ ಯೋಜನೆಯಡಿ ವೆಸ್ಟ್ ಇಂಡಿಯನ್ ಜನಗಣತಿ ನಡೆದಿತ್ತು. 1958ರಲ್ಲಿ 10 ಪ್ರಾಂತ್ಯಗಳು ಸೇರಿ ವೆಸ್ಟ್ ಇಂಡೀಸ್ ಒಕ್ಕೂಟ ಅಂತ ನಿಜವಾಗಿಯೂ ಒಂದು ದೇಶ ಆಗಲು ಹೊರಟವು. 1961ರಲ್ಲಿ ಜಮೈಕಾದ ಜನ ಮತ ಹಾಕಿ ಹೊರಬಂದರು. ಆಗ ಟ್ರಿನಿಡಾಡ್‌ನ ನಾಯಕ ಎರಿಕ್ ವಿಲಿಯಮ್ಸ್ ಹೇಳಿದ ಮಾತು ಇವತ್ತಿಗೂ ಅಲ್ಲಿ ಗಾದೆಯಂತಿದೆ: ಹತ್ತರಲ್ಲಿ ಒಂದು ಕಳೆದರೆ ಸೊನ್ನೆ. 1962ರಲ್ಲಿ ಒಕ್ಕೂಟ ಮುಗಿಯಿತು. ಆದರೆ ಕ್ರಿಕೆಟ್ ತಂಡ ಉಳಿಯಿತು, ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯ ಉಳಿಯಿತು. 1970ರ ಜನಗಣತಿಯ ಹೊತ್ತಿಗೆ ಹಲವು ದೇಶಗಳ ಫಲಿತಾಂಶ ಹೊರತರುವ ಕೆಲಸವನ್ನು ಅದೇ ವಿಶ್ವವಿದ್ಯಾಲಯದ ಒಂದು ಯೋಜನೆ ಹೊತ್ತುಕೊಂಡಿತು. ಬಾವುಟ ಬೇರೆ ಬೇರೆಯಾದರೂ ಜನಗಣತಿಯ ಪುಸ್ತಕ ಒಂದೇ ಕಡೆಯಿಂದ ಬಂತು ಅನ್ನೋದು ನನಗೆ ತುಂಬ ಇಷ್ಟವಾದ ಸಂಗತಿ.

1973ರಲ್ಲಿ ಚಾಗ್ವಾರಾಮಸ್ ಒಪ್ಪಂದದಿಂದ ಕ್ಯಾರಿಕಾಂ ಹುಟ್ಟಿತು. ಇದು ಒಂದು ದೇಶವಾಗುವ ಆಸೆ ಬಿಟ್ಟು, ಒಟ್ಟಿಗೆ ವ್ಯಾಪಾರ, ಒಟ್ಟಿಗೆ ಕೆಲಸ ಅನ್ನುವ ಸಮುದಾಯ. ಈಗ 15 ಸದಸ್ಯರು, ಕಚೇರಿ ಗಯಾನಾದ ಜಾರ್ಜ್‌ಟೌನ್‌ನಲ್ಲಿ. ಮರುವರ್ಷವೇ ಬಂದದ್ದು ನಾನು ಮೊದಲು ಹೇಳಿದ ಸ್ಥಾಯಿ ಸಮಿತಿ. ಒಳಗಡೆ ಇನ್ನೊಂದು ಚಿಕ್ಕ ಬಳಗವೂ ಇದೆ. ಪೂರ್ವ ಕೆರಿಬಿಯನ್ನಿನ ಪುಟ್ಟ ದ್ವೀಪಗಳು 1981ರಲ್ಲಿ ಕಟ್ಟಿಕೊಂಡ ಒಇಸಿಎಸ್ ಅದು. ಅವುಗಳಲ್ಲಿ ಎಂಟಕ್ಕೆ ಒಂದೇ ನಾಣ್ಯ, ಒಂದೇ ಕೇಂದ್ರ ಬ್ಯಾಂಕ್. ಅವರ ಡಾಲರ್ 1976ರಿಂದ ಇವತ್ತಿನವರೆಗೂ ಒಂದು ಅಮೆರಿಕನ್ ಡಾಲರಿಗೆ 2.70ರಂತೆ ಕದಲದೆ ನಿಂತಿದೆ. ನಾಣ್ಯ ಒಂದೇ ಅಂದಮೇಲೆ ಲೆಕ್ಕದ ಅಳತೆಗೋಲೂ ಒಂದೇ ಇರಲೇಬೇಕು. ಗ್ರೆನಾಡಾದವರು ಹಣದುಬ್ಬರವನ್ನು ಒಂದು ರೀತಿ, ಆಂಟಿಗಾದವರು ಇನ್ನೊಂದು ರೀತಿ ಅಳೆದರೆ ಆ ಕೇಂದ್ರ ಬ್ಯಾಂಕ್ ಯಾವುದನ್ನು ನಂಬಬೇಕು?

ಹಾಗಾದರೆ 'ಪ್ರಾದೇಶಿಕ ಸಹಕಾರ' ಅಂದರೆ ದಿನನಿತ್ಯದಲ್ಲಿ ಏನು? ಭಾಷಣ, ಸಮ್ಮೇಳನ, ಗುಂಪು ಫೋಟೋ ಬಿಟ್ಟು ಹೇಳುವುದಾದರೆ, ಒಬ್ಬರು ಒಂದು ಸಲ ಮಾಡಿದ ಕೆಲಸವನ್ನು ಉಳಿದವರು ಮತ್ತೆ ಮಾಡದೇ ಇರುವುದು. ಜನಗಣತಿಗೆ ಎಲ್ಲರೂ ಸೇರಿ ಒಂದು ಪ್ರಶ್ನಾವಳಿಯ ಹಂದರ ಕಟ್ಟಿಕೊಳ್ಳುತ್ತಾರೆ. ತಮ್ಮ ದೇಶಕ್ಕೇ ಬೇಕಾದ ನಾಲ್ಕು ಪ್ರಶ್ನೆಗಳನ್ನು ಪ್ರತಿಯೊಬ್ಬರೂ ಆಮೇಲೆ ಸೇರಿಸಿಕೊಳ್ಳಬಹುದು. ಕಾನೂನು ಹಳೆಯದಾಗಿದ್ದರೆ ಮಾದರಿ ಮಸೂದೆಯೊಂದು ಸಿದ್ಧ ಇದೆ, ಅದನ್ನು ತಿದ್ದಿ ತಮ್ಮ ಸಂಸತ್ತಿಗೆ ಒಯ್ಯಬಹುದು. ಆ 230 ಸೂಚಕಗಳಲ್ಲಿ ನಮಗೆ ನಿಜವಾಗಿ ಬೇಕಾದವು ಯಾವುವು ಅಂತ ಒಟ್ಟಾಗಿ ಆರಿಸಿಕೊಂಡ ಪಟ್ಟಿಯಿದೆ. 2018ರಲ್ಲಿ ಸರ್ಕಾರಗಳ ಮುಖ್ಯಸ್ಥರೇ 2030ರವರೆಗಿನ ಪ್ರಾದೇಶಿಕ ಅಂಕಿಅಂಶ ಕಾರ್ಯತಂತ್ರಕ್ಕೆ ಒಪ್ಪಿಗೆ ಕೊಟ್ಟರು. ಪ್ರತಿ ವರ್ಷ ಅಕ್ಟೋಬರ್ 15 ಅಲ್ಲಿ ಕೆರಿಬಿಯನ್ ಅಂಕಿಅಂಶ ದಿನ.

ತಜ್ಞರನ್ನು ಹಂಚಿಕೊಳ್ಳುವುದು ಇನ್ನೂ ಮುಖ್ಯ. ಅಂತರರಾಷ್ಟ್ರೀಯ ಹಣಕಾಸು ನಿಧಿ 2001ರಲ್ಲಿ ಬಾರ್ಬಡೋಸ್‌ನಲ್ಲಿ ಕಾರ್ಟಾಕ್ ಅನ್ನುವ ಕೇಂದ್ರ ತೆರೆಯಿತು. ಜಿಡಿಪಿ, ಬೆಲೆ ಸೂಚ್ಯಂಕ, ವಿದೇಶಿ ಪಾವತಿಗಳ ಲೆಕ್ಕ ಬಲ್ಲವರು ಅಲ್ಲಿಂದ ದ್ವೀಪದಿಂದ ದ್ವೀಪಕ್ಕೆ ಹೋಗಿ, ಅಲ್ಲಿನವರ ಪಕ್ಕ ಕೂತು ಕೆಲಸ ಮಾಡಿಕೊಡುತ್ತಾರೆ. ಪ್ರತಿ ದೇಶಕ್ಕೂ ಅಂಥ ತಜ್ಞರನ್ನು ಕಾಯಂ ಆಗಿ ಇಟ್ಟುಕೊಳ್ಳಲು ಆಗಲ್ಲ, ಹಂಚಿಕೊಂಡರೆ ಆಗುತ್ತದೆ. 2015ರಲ್ಲಿ ಕೆನಡಾದ ದುಡ್ಡಿನಲ್ಲಿ ಪ್ರಾಸ್ಕ್ ಅನ್ನುವ ಯೋಜನೆ ಶುರುವಾಯಿತು. ನಡೆಸಿದ್ದು ಕೆನಡಾದ್ದೇ ಅಂಕಿಅಂಶ ಕಚೇರಿ. ಹಲವು ದೇಶಗಳಲ್ಲಿ ಜಿಡಿಪಿಯನ್ನು ಉತ್ಪಾದನೆಯ ಕಡೆಯಿಂದ ಮಾತ್ರ ಲೆಕ್ಕ ಹಾಕುತ್ತಿದ್ದರು. ಜನ, ಸರ್ಕಾರ, ಕಂಪನಿಗಳು ಎಷ್ಟು ಖರ್ಚು ಮಾಡಿದವು ಅನ್ನುವ ಕಡೆಯಿಂದಲೂ ಲೆಕ್ಕ ಹಾಕಿದರೆ ಒಂದಕ್ಕೊಂದು ತಾಳೆ ನೋಡಬಹುದು. ಅದನ್ನು ಕಲಿಸುವುದು ಆ ಯೋಜನೆಯ ದೊಡ್ಡ ಕೆಲಸಗಳಲ್ಲಿ ಒಂದಾಗಿತ್ತು.

ತಾಳೆ ಅಂದಾಗ ವ್ಯಾಪಾರದ ಲೆಕ್ಕ ನೆನಪಾಗುತ್ತದೆ. ಟ್ರಿನಿಡಾಡ್‌ನಿಂದ ಬಾರ್ಬಡೋಸ್‌ಗೆ ಒಂದು ಹಡಗು ಬಿಸ್ಕತ್ತು ಹೋಯಿತು ಅನ್ನಿ. ಟ್ರಿನಿಡಾಡ್ ತನ್ನ ಪುಸ್ತಕದಲ್ಲಿ ಬಂದರಿನಲ್ಲಿ ಹಡಗಿಗೆ ಏರಿಸುವ ಹೊತ್ತಿನ ಬೆಲೆ ಬರೆಯುತ್ತದೆ. ಬಾರ್ಬಡೋಸ್ ಅದಕ್ಕೆ ಹಡಗಿನ ಬಾಡಿಗೆ, ವಿಮೆ ಸೇರಿಸಿ ಬರೆಯುತ್ತದೆ. ಇಬ್ಬರೂ ಸರಿ, ಎರಡು ಅಂಕಿ ಮಾತ್ರ ಬೇರೆ. ಜೊತೆಗೆ ಒಬ್ಬರು ಡಿಸೆಂಬರ್‌ನಲ್ಲಿ ಬರೆದದ್ದನ್ನು ಇನ್ನೊಬ್ಬರು ಜನವರಿಯಲ್ಲಿ ಬರೆದರೆ ವರ್ಷವೇ ಬೇರೆ. ಇನ್ನು ಡೊಮಿನಿಕಾದ ಹಕ್‌ಸ್ಟರ್‌ಗಳು. ಬಾಳೆ, ಗೆಣಸು, ಹಣ್ಣುಗಳನ್ನು ದೋಣಿಯಲ್ಲಿ ತುಂಬಿಕೊಂಡು ಅಕ್ಕಪಕ್ಕದ ದ್ವೀಪಗಳಲ್ಲಿ ಮಾರಿ ಬರುವ ಸಣ್ಣ ವ್ಯಾಪಾರಿಗಳು ಇವರು. ಇಂಥ ಚಿಲ್ಲರೆ ವ್ಯಾಪಾರ ಪೂರ್ತಿಯಾಗಿ ಲೆಕ್ಕಕ್ಕೆ ಸಿಗುವುದು ಕಷ್ಟ. ಇದೆಲ್ಲ ಯಾಕೆ ಮುಖ್ಯ ಅಂದರೆ, 2025ರ ಹೊತ್ತಿಗೆ ಹೊರಗಿನಿಂದ ತರಿಸುವ ಆಹಾರದ ಖರ್ಚನ್ನು ಶೇ. 25ರಷ್ಟು ಇಳಿಸುತ್ತೇವೆ ಅಂತ ಕ್ಯಾರಿಕಾಂ ಪಣ ತೊಟ್ಟಿತ್ತು. ಆಮೇಲೆ ಗಡುವನ್ನು 2030ಕ್ಕೆ ಮುಂದೂಡಿದರು. ಯಾವ ಅಂಕಿಯಿಂದ ಶೇ. 25? ಒಬ್ಬ ಸದಸ್ಯನಿಂದ ಇನ್ನೊಬ್ಬ ತರಿಸಿದ್ದು ಹೊರಗಿನದೋ ಒಳಗಿನದೋ? ಎಲ್ಲರ ಪುಸ್ತಕ ಒಂದೇ ರೀತಿ ಇಲ್ಲದಿದ್ದರೆ ಗುರಿ ಮುಟ್ಟಿದೆವೋ ಇಲ್ಲವೋ ಅನ್ನೋದೂ ತಿಳಿಯಲ್ಲ.

ಈಗ ಚಂಡಮಾರುತದ ವಿಷಯ. ಅಂಕಿಅಂಶ ಅನ್ನೋದು ಬರೀ ಕಚೇರಿಯ ಕಡತದ ಕೆಲಸ ಅಲ್ಲ ಅಂತ ನನಗೆ ಹೊಳೆದದ್ದೇ ಇಲ್ಲಿ.

2017ರ ಸೆಪ್ಟೆಂಬರ್ 18ರ ರಾತ್ರಿ ಮರಿಯಾ ಚಂಡಮಾರುತ ಡೊಮಿನಿಕಾಕ್ಕೆ ಅಪ್ಪಳಿಸಿತು. ಆಮೇಲೆ ನಡೆದ ಅಂದಾಜಿನಲ್ಲಿ ಹಾನಿ ಮತ್ತು ನಷ್ಟ ಸೇರಿ ಆ ದೇಶದ 2016ರ ಜಿಡಿಪಿಯ ಶೇ. 226. ಒಂದೇ ರಾತ್ರಿಯಲ್ಲಿ ಎರಡು ವರ್ಷಕ್ಕಿಂತ ಹೆಚ್ಚಿನ ದುಡಿಮೆ ನೀರುಪಾಲು. ಈ ಶೇ. 226ನ್ನು ಎಲ್ಲರೂ ಉದಾಹರಿಸುತ್ತಾರೆ, ಕೇಳಿದವರು ಅಯ್ಯೋ ಅನ್ನುತ್ತಾರೆ. ಆದರೆ ಅದರ ಛೇದವನ್ನು ನೋಡಿ. 2016ರ ಜಿಡಿಪಿಯನ್ನು ಯಾರೋ ಕೂತು ಸರಿಯಾಗಿ ಲೆಕ್ಕ ಹಾಕಿ ಇಟ್ಟಿದ್ದರಿಂದ ತಾನೇ ಆ ಮಾತು ಹೇಳಲು ಆದದ್ದು? ಎಷ್ಟು ಮನೆ ಬಿದ್ದವು ಅನ್ನಲು ಮೊದಲು ಎಷ್ಟು ಮನೆ ಇದ್ದವು, ಗೋಡೆ ಯಾವುದರದ್ದು, ಚಾವಣಿ ಯಾವುದರದ್ದು ಅಂತ ಗೊತ್ತಿರಬೇಕು. ಬಿದ್ದ ಮೇಲೆ ಎಣಿಸಲು ಹೋದರೆ ಆಗಲ್ಲ. ಹೀಗೆ ಅಂದಾಜು ಹಾಕುವ ವಿಧಾನವನ್ನು ವಿಶ್ವಸಂಸ್ಥೆಯ ಲ್ಯಾಟಿನ್ ಅಮೆರಿಕ ಮತ್ತು ಕೆರಿಬಿಯನ್ ಆರ್ಥಿಕ ಆಯೋಗ 1972ರ ಮನಾಗುವಾ ಭೂಕಂಪದ ನಂತರ ರೂಪಿಸುತ್ತಾ ಬಂತು. ಅದರ ಕೆರಿಬಿಯನ್ ಕಚೇರಿ ಟ್ರಿನಿಡಾಡ್‌ನ ಪೋರ್ಟ್ ಆಫ್ ಸ್ಪೇನ್‌ನಲ್ಲಿದೆ.

ಇಲ್ಲೂ ಒಟ್ಟಾದ ಕಥೆಯಿದೆ. 2007ರಲ್ಲಿ ಈ ದೇಶಗಳು ಸೇರಿ ಸಿಸಿಆರ್‌ಐಎಫ್ ಅನ್ನುವ ವಿಮಾ ನಿಧಿ ಕಟ್ಟಿಕೊಂಡವು. ಹಲವು ದೇಶಗಳು ಕೂಡಿ ಅಪಾಯ ಹಂಚಿಕೊಳ್ಳುವ ಇಂಥ ನಿಧಿ ಜಗತ್ತಿನಲ್ಲೇ ಮೊದಲನೆಯದು. ಇದರಲ್ಲಿ ಸರ್ವೇಯರ್ ಬಂದು ಮನೆ ಮನೆ ನೋಡಿ ಹೋಗುವುದಿಲ್ಲ. ಗಾಳಿಯ ವೇಗ, ಬಿರುಗಾಳಿ ಸಾಗಿದ ದಾರಿ, ಆ ದಾರಿಯಲ್ಲಿ ಎಷ್ಟು ಬೆಲೆಯ ಆಸ್ತಿ ಇದೆ ಅಂತ ನೋಡಿ ನಷ್ಟ ಅಂದಾಜು ಮಾಡುವ ಲೆಕ್ಕದ ಮಾದರಿ (ಮಾಡೆಲ್) ಮೊದಲೇ ಸಿದ್ಧವಿರುತ್ತದೆ. ಲೆಕ್ಕ ಗೆರೆ ದಾಟಿತೋ, ದುಡ್ಡು ಬಿಡುಗಡೆ. ಮರಿಯಾ ನಂತರ ಡೊಮಿನಿಕಾಕ್ಕೆ ಸುಮಾರು 1.9 ಕೋಟಿ ಅಮೆರಿಕನ್ ಡಾಲರ್ ಎರಡು ವಾರದೊಳಗೆ ಬಂತು. 2024ರ ಜುಲೈನಲ್ಲಿ ಬೆರಿಲ್ ಚಂಡಮಾರುತ ಗ್ರೆನಾಡಾಕ್ಕೆ ಸೇರಿದ ಕರಿಯಾಕು ದ್ವೀಪವನ್ನು ನೆಲಸಮ ಮಾಡಿದಾಗ ಆ ದೇಶಕ್ಕೆ 4.4 ಕೋಟಿ ಅಮೆರಿಕನ್ ಡಾಲರ್. ಆಸ್ತಿಯ ಹಳೆಯ ಪಟ್ಟಿ ತಪ್ಪಿದ್ದರೆ ಮಾದರಿಯೂ ತಪ್ಪುತ್ತದೆ, ಬರುವ ದುಡ್ಡೂ ತಪ್ಪುತ್ತದೆ. ಲೆಕ್ಕಕ್ಕೂ ಅನ್ನಕ್ಕೂ ಇಷ್ಟು ನೇರ ಸಂಬಂಧ ಇನ್ನೆಲ್ಲಿ ಸಿಗುತ್ತೆ ಹೇಳಿ.

ಸಾಲದ ವಿಷಯದಲ್ಲೂ ಹೀಗೇ. ತಲಾ ಆದಾಯ ನೋಡಿದರೆ ಆಂಟಿಗಾ, ಬಾರ್ಬಡೋಸ್, ಸೇಂಟ್ ಕಿಟ್ಸ್ ಎಲ್ಲ 'ಶ್ರೀಮಂತ' ದೇಶಗಳ ಸಾಲಿನಲ್ಲಿವೆ. ಹಾಗಾಗಿ ಕಡಿಮೆ ಬಡ್ಡಿಯ ಸಾಲ ಸಿಗುವುದು ಕಷ್ಟ. ತಲಾ ಆದಾಯ ಅಂದರೆ ಭಾಗಾಕಾರ ಅಷ್ಟೇ, ಮೇಲೆ ಆದಾಯ, ಕೆಳಗೆ ಜನ. 47 ಸಾವಿರ ಅಂದುಕೊಂಡಿದ್ದ ಜನ ನಿಜಕ್ಕೂ 50 ಸಾವಿರ ಇದ್ದರೆ ತಲಾ ಆದಾಯ ಕೂತಲ್ಲೇ ಶೇ. 6ರಷ್ಟು ಇಳಿಯುತ್ತದೆ. ಒಂದು ದೊಡ್ಡ ಕ್ರೂಸ್ ಹಡಗು 5 ಸಾವಿರ ಜನರನ್ನು ಬೆಳಿಗ್ಗೆ ಇಳಿಸಿ ಸಂಜೆ ಹತ್ತಿಸಿಕೊಂಡು ಹೋಗುವ ಊರಿನಲ್ಲಿ ಯಾರು ನಿವಾಸಿ, ಯಾರು ಪ್ರವಾಸಿ, ಯಾರು ರಾತ್ರಿ ತಂಗದೆ ಹೋಗುವವರು ಅಂತ ಬಿಡಿಸಿ ಬರೆಯುವುದೇ ಒಂದು ಕಸರತ್ತು. 'ನಮ್ಮ ಆದಾಯ ಮಾತ್ರ ನೋಡಬೇಡಿ, ಒಂದು ಗಾಳಿಗೆ ನಾವು ಎಷ್ಟು ಬೀಳುತ್ತೇವೆ ಅಂತಲೂ ನೋಡಿ' ಅನ್ನುವುದು ಈ ದೇಶಗಳ ಬಹುಕಾಲದ ವಾದ. 2024ರ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ, ಇದನ್ನೇ ಅಳೆಯುವ ಬಹು ಆಯಾಮದ ದುರ್ಬಲತಾ ಸೂಚ್ಯಂಕವನ್ನು ಮುಂದಕ್ಕೆ ಒಯ್ಯುವ ನಿರ್ಣಯ ಮಾಡಿತು. ಅದನ್ನು ರೂಪಿಸಿದ ತಂಡದ ಇಬ್ಬರು ಅಧ್ಯಕ್ಷರಲ್ಲಿ ಒಬ್ಬರು ಆಂಟಿಗಾದ ಪ್ರಧಾನಿ ಗ್ಯಾಸ್ಟನ್ ಬ್ರೌನ್. ಅದೇ ವರ್ಷ ಮೇ ತಿಂಗಳಲ್ಲಿ ಆಂಟಿಗಾದಲ್ಲಿ ನಡೆದ ಪುಟ್ಟ ದ್ವೀಪ ರಾಷ್ಟ್ರಗಳ ಸಮ್ಮೇಳನದಲ್ಲಿ, ಇಂಥ ದೇಶಗಳಿಗಾಗಿಯೇ ಒಂದು ಜಾಗತಿಕ ದತ್ತಾಂಶ ಕೇಂದ್ರದ ಮಾತೂ ಬಂತು. ಇಲ್ಲೊಂದು ಕೊಂಡಿ ಇದೆ. ಸೂಚ್ಯಂಕ ತುಂಬಲು ಅಂಕಿ ಬೇಕು. ಅಂಕಿ ಇಲ್ಲದ ದೇಶ ಎಷ್ಟೇ ದುರ್ಬಲವಾಗಿದ್ದರೂ ತಾನು ದುರ್ಬಲ ಅಂತ ತೋರಿಸಲು ಆಗಲ್ಲ.

ಎಲ್ಲ ಚೆನ್ನಾಗಿಯೇ ನಡೀತಿದೆ ಅಂತ ಬರೆದರೆ ತಪ್ಪಾಗುತ್ತದೆ. ನನಗೆ ಕಾಣುವ ದೊಡ್ಡ ಬಿರುಕು 'ಯೋಜನೆ' ಅನ್ನುವ ಪದದಲ್ಲೇ ಇದೆ. ಪ್ರಾಸ್ಕ್ ಒಂದು ಯೋಜನೆ. ವಿಶ್ವಬ್ಯಾಂಕ್ ಒಇಸಿಎಸ್ ದೇಶಗಳಲ್ಲಿ ಅಂಕಿಅಂಶಕ್ಕೆ ದುಡ್ಡು ಹಾಕುತ್ತಿರುವುದೂ ಒಂದು ಯೋಜನೆ. ಯೋಜನೆಗೆ ಕೊನೆಯ ತಾರೀಖು ಇರುತ್ತದೆ. ಬೆಲೆ ಸೂಚ್ಯಂಕಕ್ಕೆ ಇರುವುದಿಲ್ಲ, ಅದು ಪ್ರತಿ ತಿಂಗಳೂ ಬರಬೇಕು. ಹೊರಗಿನ ದುಡ್ಡು ಬಂದಾಗ ಟ್ಯಾಬ್ಲೆಟ್ ಬರುತ್ತವೆ, ತರಬೇತಿ ನಡೆಯುತ್ತದೆ, ಆಮೇಲೆ ಕಲಿತವರಿಗೆ ಸಂಬಳ ಕೊಡಬೇಕಾದದ್ದು ಆ ಪುಟ್ಟ ಸರ್ಕಾರವೇ. ಮತ ತರುವುದು ರಸ್ತೆ, ಆಸ್ಪತ್ರೆ. ಅಂಕಿಅಂಶ ಕಚೇರಿಗೆ ಇನ್ನಿಬ್ಬರನ್ನು ನೇಮಿಸಿದೆವು ಅಂತ ಹೇಳಿ ಚುನಾವಣೆ ಗೆದ್ದವರನ್ನು ನಾನಂತೂ ಕಂಡಿಲ್ಲ.

ಇನ್ನೊಂದು ಬಿರುಕು ಸಾರ್ವಭೌಮತ್ವದ್ದು. ಎಲ್ಲರ ಅಂಕಿಗಳನ್ನೂ ಒಂದೇ ಕಡೆ ಕೂತು ಲೆಕ್ಕ ಹಾಕಿಬಿಟ್ಟರೆ ಅಗ್ಗ. ಹಾಗಿದ್ದರೆ ಯಾಕೆ ಮಾಡಲ್ಲ? ನಮ್ಮ ದೇಶದ ಬಡವರು ಎಷ್ಟು ಅಂತ ಬೇರೆ ದ್ವೀಪದವರು ಹೇಳುವುದನ್ನು ಯಾರೂ ಸುಲಭಕ್ಕೆ ಒಪ್ಪಲ್ಲ. ಒಪ್ಪಬೇಕಾಗೂ ಇಲ್ಲ ಅಂತ ನನಗನ್ನಿಸುತ್ತದೆ. ಮನೆ ಬಾಗಿಲು ತಟ್ಟುವವರು ಆ ಊರಿನವರೇ ಆಗಿರಬೇಕು, ಅಲ್ಲಿನ ಮಾತಿನ ಧಾಟಿ ಗೊತ್ತಿರಬೇಕು. ಹಂಚಿಕೊಳ್ಳಬೇಕಾದದ್ದು ಅದರ ಹಿಂದಿನ ಅಡುಗೆಮನೆ: ವಿಧಾನ, ಸಾಫ್ಟ್‌ವೇರ್, ತರಬೇತಿ, ಕಷ್ಟ ಬಂದಾಗ ಫೋನ್ ಎತ್ತಿ ಕೇಳಬಹುದಾದ ಒಬ್ಬ ತಜ್ಞ. ಕ್ರಿಕೆಟ್ ತಂಡದ ಹೋಲಿಕೆ ಇಲ್ಲಿಗೆ ಮುಗಿಯುತ್ತದೆ. ಅಲ್ಲಿ 11 ಜನ ಎಲ್ಲರ ಪರವಾಗಿ ಆಡಿದರೆ ಸಾಕು, ಇಲ್ಲಿ ಪ್ರತಿ ದ್ವೀಪವೂ ತನ್ನ ಪಂದ್ಯ ತಾನೇ ಆಡಬೇಕು.

ಮುಂದಿನ ಪಂದ್ಯ ಆಗಲೇ ಗೊತ್ತಾಗಿದೆ. 2025ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಅಂಕಿಅಂಶ ಆಯೋಗ ರಾಷ್ಟ್ರೀಯ ಲೆಕ್ಕಗಳ, ಅಂದರೆ ಜಿಡಿಪಿ ಲೆಕ್ಕದ, ಹೊಸ ಕೈಪಿಡಿಗೆ ಒಪ್ಪಿಗೆ ಕೊಟ್ಟಿತು. 2008ರ ಹಳೆಯದರ ಜಾಗಕ್ಕೆ ಇನ್ನು ಮೇಲೆ ಇದು. ಭೂಮಿಯಿಂದ ತೈಲ ತೆಗೆದರೆ ಕರಗಿದ ಸಂಪತ್ತನ್ನು ಖರ್ಚಿನ ಕಡೆ ಬರೆಯಬೇಕು ಅನ್ನುತ್ತದೆ, 2019ರ ಕೊನೆಯಿಂದ ತೈಲ ತೆಗೆಯುತ್ತಿರುವ ಗಯಾನಾಕ್ಕೆ ಇದು ಸಣ್ಣ ಮಾತಲ್ಲ. ದತ್ತಾಂಶವನ್ನೇ ಒಂದು ಆಸ್ತಿಯಾಗಿ ಎಣಿಸಬೇಕು ಅಂತಲೂ ಇದೆ. ದೆಹಲಿಯಲ್ಲಿ ಆ ದಪ್ಪ ಪುಸ್ತಕ ಓದಲು ಒಂದು ವಿಭಾಗವೇ ಇರುತ್ತದೆ. ಸೇಂಟ್ ಕಿಟ್ಸ್‌ನ ಬಾಸ್ಟೆರ್‌ನಲ್ಲಿ ಅದನ್ನು ಓದಬೇಕಾದವರು, ಈ ತಿಂಗಳ ಬೆಲೆ ಸೂಚ್ಯಂಕವನ್ನೂ ಮುಗಿಸಬೇಕಾದವರೇ.